ರಿಗ್ರೆಷನ್‌ಗೆ ಇಂಟರ್‌ಆ್ಯಕ್ಷನ್ ಪದ ಸೇರಿಸುವುದು ಹೇಗೆ, ಓದುವುದು ಹೇಗೆ

ಕೆಲವು ಕಾಲಂಗಳನ್ನು ನೋಡಿ ಇನ್ನೊಂದು ಅಂಕಿಯನ್ನು ಅಂದಾಜಿಸುವ ವಿಧಾನ ರಿಗ್ರೆಷನ್. ಒಂದು ಕಾಲಂನ ಪರಿಣಾಮ ಇನ್ನೊಂದರ ಬೆಲೆಗೆ ತಕ್ಕಂತೆ ಬದಲಾಗಲು ಬಿಡುವುದು ಇಂಟರ್‌ಆ್ಯಕ್ಷನ್ ಪದ. ಎರಡು ಕಾಲಂ ಗುಣಿಸಿದರೆ ಅದು ಸಿದ್ಧ. ಎಡವುವುದೆಲ್ಲ ಅದು ಸೇರಿದ ಮೇಲೆ ಉಳಿದ ಕೋಎಫಿಶಿಯೆಂಟ್‌ಗಳನ್ನು (ಪ್ರತಿ ಕಾಲಂಗೆ ಸಿಗುವ ಗುಣಕಗಳನ್ನು) ಓದುವಾಗ.

ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಆರ್ (R) ಜೊತೆಗೇ ಬರುವ ಎಂಟಿಕಾರ್ಸ್ (mtcars) ಡೇಟಾ ತೆರೆಯಿರಿ. ಅದರಲ್ಲಿ 1973–74ರ 32 ಕಾರುಗಳಿವೆ. ತೂಕ (ಸಾವಿರ ಪೌಂಡ್‌ಗಳಲ್ಲಿ) ಮತ್ತು ಹಾರ್ಸ್‌ಪವರ್ ನೋಡಿ ಗ್ಯಾಲನ್‌ಗೆ ಎಷ್ಟು ಮೈಲಿ ಎಂದು ಅಂದಾಜಿಸಬೇಕು. ಫಾರ್ಮುಲಾದಲ್ಲಿ ಎರಡರ ನಡುವೆ + ಹಾಕಿದರೆ ಆರ್-ಸ್ಕ್ವೇರ್ (ಮೈಲೇಜ್‌ನ ಏರಿಳಿತದಲ್ಲಿ ಮಾದರಿ ವಿವರಿಸುವ ಪಾಲು) 0.827, * ಹಾಕಿದರೆ 0.885. ಇಲ್ಲಿ * ಬರೀ ಗುಣಾಕಾರವಲ್ಲ. ತೂಕ, ಪವರ್, ಗುಣಲಬ್ಧ ಮೂರನ್ನೂ ಸೇರಿಸುತ್ತದೆ. ಕೋಲನ್ (:) ಹಾಕಿದರೆ ಗುಣಲಬ್ಧ ಮಾತ್ರ. ಮೂಲ ಕಾಲಂಗಳನ್ನು ಬಿಟ್ಟು ಕೋಲನ್ ಒಂದನ್ನೇ ಇಡಬೇಡಿ: ಒಂದರ ಬೆಲೆ ಸೊನ್ನೆಯಾದಾಗ ಇನ್ನೊಂದಕ್ಕೆ ಪರಿಣಾಮವೇ ಇಲ್ಲ ಎಂದು ಮೊದಲೇ ತೀರ್ಪು ಕೊಟ್ಟಂತಾಗುತ್ತದೆ.

* ಹಾಕಿದೊಡನೆ ತೂಕದ ಕೋಎಫಿಶಿಯೆಂಟ್ −3.88ರಿಂದ −8.22ಕ್ಕೆ ಇಳಿಯುತ್ತದೆ. ಗಾಬರಿ ಬೇಡ. ಅದು ಪವರ್ ಸೊನ್ನೆ ಇರುವ ಕಾರಿನ ಲೆಕ್ಕ. ಪಟ್ಟಿಯಲ್ಲಿ ಅತಿ ಕಡಿಮೆ ಪವರ್ 52. ಗುಣಿಸುವ ಮೊದಲೇ ಎರಡೂ ಕಾಲಂಗಳಿಂದ ಅವುಗಳ ಸರಾಸರಿ (3.217 ಮತ್ತು 146.7) ಕಳೆಯಿರಿ. ಆಗ ಅದೇ ಅಂಕಿ ಸುಮಾರು −4.13 ಆಗುತ್ತದೆ, ಸರಾಸರಿ ಪವರ್‌ನ ಕಾರಿಗೆ ಅನ್ವಯಿಸುತ್ತದೆ. ವಿಐಎಫ್ (ಕಾಲಂಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಎಂಬ ಅಳತೆ) ಕೂಡ ತಗ್ಗುತ್ತದೆ. ಹಾಗೆಂದು ಮಾದರಿ ಸುಧಾರಿಸಿತು ಎಂದುಕೊಳ್ಳಬೇಡಿ, ಗುಣಲಬ್ಧದ ಕೋಎಫಿಶಿಯೆಂಟೂ ಆರ್-ಸ್ಕ್ವೇರೂ ಇದ್ದಲ್ಲೇ ಇರುತ್ತವೆ.

ಸರಾಸರಿ ಕಳೆಯದ ಮಾದರಿಯಲ್ಲಿ ಪವರ್‌ನ ಪರಿಣಾಮ ಹೀಗೆ: −0.1201 + 0.02785 × ತೂಕ. 2 ಸಾವಿರ ಪೌಂಡ್ ಕಾರಿಗೆ ಇದು −0.064, 4 ಸಾವಿರಕ್ಕೆ −0.009. ಅಂದರೆ ಪವರ್ ಹೆಚ್ಚಾದರೆ ಹಗುರ ಕಾರಿನ ಮೈಲೇಜ್‌ಗೇ ಹೆಚ್ಚು ಪೆಟ್ಟು. 4.31 ಸಾವಿರ ದಾಟಿದರೆ ಚಿಹ್ನೆ ಪ್ಲಸ್ ಆಗುತ್ತದೆ, ಆದರೆ ಅಷ್ಟು ಭಾರದ ಕಾರುಗಳು ಮೂರೇ. ಆ ತುದಿಯನ್ನು ನಂಬಿ ಏನೂ ಬರೆಯಬೇಡಿ.

ಸಿಲಿಂಡರ್ ಕಾಲಂನಲ್ಲಿ 4, 6, 8 ಸಂಖ್ಯೆಗಳಾಗಿಯೇ ಕೂತಿವೆ. ಅವನ್ನು ವರ್ಗಗಳಾಗಿ ನೋಡಬೇಕಿದ್ದರೆ ಮೊದಲು ಫ್ಯಾಕ್ಟರ್ (ಆರ್‌ನಲ್ಲಿ ವರ್ಗಗಳ ಕಾಲಂ) ಮಾಡಿ. ಆಗ ಒಂದು ವರ್ಗ ಹೋಲಿಕೆಗೆ ಆಧಾರವಾಗಿ ಉಳಿದು, ತೂಕದೊಂದಿಗೆ ಒಂದಲ್ಲ, ಎರಡು ಇಂಟರ್‌ಆ್ಯಕ್ಷನ್ ಪದಗಳು ಬರುತ್ತವೆ.

ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಪಾಲಿನಾಮಿಯಲ್ ಫೀಚರ್ಸ್ (ಗುಣಲಬ್ಧದ ಕಾಲಂಗಳನ್ನು ತಾನೇ ಮಾಡಿಕೊಡುವ ಸಾಧನ) ಬಳಸುವವರು ಎಣಿಕೆ ಗಮನಿಸಿ: 10 ಕಾಲಂ ಕೊಟ್ಟರೆ 45 ಜೋಡಿ. ಒಂದೇ ವರ್ಗದಿಂದ ಹುಟ್ಟಿದ ಡಮ್ಮಿಗಳನ್ನು (0/1 ಕಾಲಂಗಳನ್ನು) ಪರಸ್ಪರ ಗುಣಿಸಿದರೆ ಇಡೀ ಕಾಲಂ ಸೊನ್ನೆ, ಕಿತ್ತುಹಾಕಿ. ಮಾದರಿಯನ್ನು ಪರೀಕ್ಷಿಸುವ ಟೆಸ್ಟ್ ಡೇಟಾದಿಂದಲೂ, ಅದನ್ನು ಕಟ್ಟಿದ ಟ್ರೇನಿಂಗ್ ಡೇಟಾದ ಸರಾಸರಿಯನ್ನೇ ಕಳೆಯಬೇಕು.