ಫ್ಯಾನ್ ತಿರುಗಿದರೂ ಸ್ಕ್ರೀನ್ ಕಪ್ಪಗೆ? ಮಕ್ಕಳ ರಬ್ಬರ್ ಹುಡುಕಿ
ಹಳೇ ಡೆಸ್ಕ್‌ಟಾಪ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪಗೇ ಇರುತ್ತದೆ, ಕೆಲವೊಮ್ಮೆ ಬೀಪ್ ಬೀಪ್ ಅನ್ನುತ್ತದೆ ಅಂದರೆ, ರಿಪೇರಿ ಅಂಗಡಿಗೆ ಹೊರುವ ಮೊದಲು ರ್‍ಯಾಮ್ (ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಬೋರ್ಡಿನ ಸ್ಲಾಟಿನಲ್ಲಿ ಕೂತಿರುವ ಮೆಮೊರಿಯ ಉದ್ದನೆ ತುಂಡು) ತೆಗೆದು ಅದರ ಬಂಗಾರದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಎರಡೂ ಕಡೆ ಮೆಲ್ಲಗೆ ಉಜ್ಜಿ ಮತ್ತೆ ಹಾಕಿ. ಧಾರವಾಡದ ಜಿಟಿಜಿಟಿ ಮಳೆಯ ತೇವ, ಹುಬ್ಬಳ್ಳಿಯ ಧೂಳು (ಅದರ ಬಗ್ಗೆ ಹೇಳೋದೇ ಬೇಡ, ಅಲ್ವಾ) ಸೇರಿ ಅಲ್ಲಿ ತೆಳು ಪೊರೆ ಕಟ್ಟುತ್ತದೆ. ರ್‍ಯಾಮ್ ಸರಿಯಾಗಿ ಸಿಗದಿದ್ದರೆ ಮದರ್‌ಬೋರ್ಡ್ ಮುಂದಕ್ಕೇ ಹೋಗುವುದಿಲ್ಲ. ಮೊದಲು ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ತಗಡನ್ನು ಒಮ್ಮೆ ಮುಟ್ಟಿ. ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಬಂಗಾರದ ಲೇಪವನ್ನೇ ಕೆರೆದುಬಿಡುತ್ತದೆ. ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ವಾಪಸ್ ಹಾಕುವಾಗ ರ್‍ಯಾಮಿನ ಕಚ್ಚು ಸ್ಲಾಟಿನ ಉಬ್ಬಿಗೆ ಕೂಡಬೇಕು, ಕ್ಲಿಪ್ ‘ಟಕ್’ ಅನ್ನುವವರೆಗೆ ಒತ್ತಿ. ಒತ್ತುವುದರಲ್ಲಿ ಅಂಜುವವರೇ ಜಾಸ್ತಿ, ಅರ್ಧ ಕೂತ ರ್‍ಯಾಮ್ ಹಾಕದಂತೆಯೇ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಸತ್ತದ್ದು ಯಾವುದು ಗೊತ್ತಾಗುತ್ತದೆ. ಫ್ಯಾನೇ ತಿರುಗದಿದ್ದರೆ ಈ ಉಪಾಯ ನಡೆಯುವುದಿಲ್ಲ, ಹೆಚ್ಚಾಗಿ ಅದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಅಥವಾ ಪವರ್ ಬಟನ್ ತೊಂದರೆ. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ (ಪುಟ್ಟ ಡಬ್ಬಿಯಂಥ ಭಾಗಗಳ) ತಲೆ ಪೂರಿಯ ಹಾಗೆ ಉಬ್ಬಿದ್ದರೂ ಸುಮ್ನೆ ಉಜ್ಜುತ್ತಾ ಕೂರಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.