ರೈಟ್ ಕ್ಲಿಕ್ ಮೆನುವಿಗೆ ನಾನೇ ಸೇರಿಸಿದ ಒಂದು ಸಾಲು

ಕನ್ನಡ ವಿಕಿಪೀಡಿಯದ ಲಿಂಕ್‌ಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುವ ಅಭ್ಯಾಸ ನನಗಿದೆ. ಒಮ್ಮೆ ಅತ್ತೆ ಫೋನ್ ಮಾಡಿ, "ಇದೇನೋ ಇಷ್ಟುದ್ದ ಇದೆ, ಒತ್ತಿದ್ರೆ ಏನೂ ಆಗಲ್ವಾ?" ಎಂದರು. ಅವರ ಹೆದರಿಕೆ ಸರಿಯೇ. ಕನ್ನಡ ಲಿಂಕ್ ಕಾಪಿ ಮಾಡಿದರೆ ಬರುವುದು ಬರೀ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರ, ಕೊಂಬು, ಸೊನ್ನೆ ಒಂದೊಂದಕ್ಕೂ 3 ಬೈಟ್. ಲಿಂಕ್‌ನಲ್ಲಿ ಪ್ರತಿ ಬೈಟ್ 3 ಗುರುತಾಗುತ್ತದೆ. 'ಬೆಂಗಳೂರು' ಎಂಬ ಒಂದೇ ಪದ 72 ಗುರುತು ಉದ್ದವಾಗುತ್ತದೆ!

ಫೈರ್‌ಫಾಕ್ಸ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ. ಆದರೆ ಅದು ಬ್ರೌಸರ್‌ನ ಮೇಲ್ಭಾಗದ ವಿಳಾಸ ಪಟ್ಟಿಯಿಂದ ಕಾಪಿ ಮಾಡುವಾಗ ಮಾತ್ರ. ನನಗೆ ಬೇಕಿದ್ದದ್ದು ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ. ಹಾಗಾಗಿ ಬ್ರೌಸರ್‌ಗೆ ಹೊಸ ಸೌಲಭ್ಯ ಸೇರಿಸುವ ಒಂದು ಪುಟ್ಟ ಎಕ್ಸ್‌ಟೆನ್ಶನ್ ಬರೆದೆ.

ಎರಡೇ ಫೈಲು. ಎಕ್ಸ್‌ಟೆನ್ಶನ್‌ನ ವಿವರ, ಅನುಮತಿಗಳನ್ನು ಪಟ್ಟಿ ಮಾಡುವ ಮ್ಯಾನಿಫೆಸ್ಟ್‌ನಲ್ಲಿ ಮೆನುವಿಗೆ ಸೇರಿಸಲು ಮತ್ತು ಕಾಪಿ ಮಾಡಿದ್ದು ಕೂರುವ ಕ್ಲಿಪ್‌ಬೋರ್ಡ್‌ಗೆ ಬರೆಯಲು ಅನುಮತಿ ಕೇಳಿದೆ. ಇನ್ನೊಂದರಲ್ಲಿ ಜಾವಾಸ್ಕ್ರಿಪ್ಟ್: ಲಿಂಕ್ ಮೇಲೆ ಕ್ಲಿಕ್ ಆದಾಗ ಮಾತ್ರ ಕಾಣುವ ಮೆನು ಸಾಲು, ಅದನ್ನು ಒತ್ತಿದರೆ, ಶೇಕಡಾ ಗುರುತುಗಳನ್ನು ಮತ್ತೆ ಅಕ್ಷರಗಳಾಗಿ ಬಿಡಿಸುವ ಆಜ್ಞೆಯಾದ 'ಡಿಕೋಡ್‌ಯುಆರ್‌ಐ'ಗೆ ವಿಳಾಸವನ್ನು ಕೊಟ್ಟು, ಬಂದದ್ದನ್ನು ಕಾಪಿ ಮಾಡುವುದು. 'ಡಿಕೋಡ್‌ಯುಆರ್‌ಐ‌ಕಾಂಪೊನೆಂಟ್' ಎಂಬ ಅದರ ತಂಗಿಯನ್ನು ಬಳಸಬೇಡಿ. ಅದು ಪ್ರಶ್ನೆ ಚಿಹ್ನೆ, ಹ್ಯಾಶ್ ಎಲ್ಲವನ್ನೂ ಬಿಡಿಸಿಬಿಡುತ್ತದೆ, ಲಿಂಕ್ ಬೇರೆಲ್ಲೋ ಹೋಗುತ್ತದೆ.

ಉತ್ಸಾಹದಲ್ಲಿ ಮೊದಲು ಮೂರು ಸಾಲು ಸೇರಿಸಿದ್ದೆ. ಒಂದೇ ಎಕ್ಸ್‌ಟೆನ್ಶನ್‌ನಿಂದ ಒಂದಕ್ಕಿಂತ ಜಾಸ್ತಿ ಸಾಲು ಬಂದರೆ ಬ್ರೌಸರ್ ಅವನ್ನೆಲ್ಲ ಒಂದು ಒಳಮೆನುವಿಗೆ ತಳ್ಳುತ್ತದೆ. ಪ್ರತಿ ಸಲ ಸುಮ್ನೆ ಒಂದು ಹೆಜ್ಜೆ ಹೆಚ್ಚು. ಎರಡನ್ನು ಕಿತ್ತೆ. ಈಗ 'ಕನ್ನಡದಲ್ಲೇ ಲಿಂಕ್ ಕಾಪಿ ಮಾಡು' ಎಂಬ ಒಂದೇ ಸಾಲು, ನೇರ ಮುಖ್ಯ ಮೆನುವಿನಲ್ಲಿ. ನನ್ನ ಭಾಷೆಯ ಸಾಲು ಅಲ್ಲಿ ಕಂಡಾಗ ಆದ ಖುಷಿ ಇನ್ನೂ ಹೋಗಿಲ್ಲ.

ಎರಡು ತೊಂದರೆ ಬಳಸುತ್ತಾ ಸಿಕ್ಕವು. ಹೆಸರಿನ ನಡುವೆ ಜಾಗವಿದ್ದ ಒಂದು ಪಿಡಿಎಫ್ ಲಿಂಕ್ ವಾಟ್ಸಾಪ್‌ನಲ್ಲಿ ಅರ್ಧಕ್ಕೇ ತುಂಡಾಯಿತು. ವಿಕಿಪೀಡಿಯ ಜಾಗದ ಬದಲು ಅಡಿಗೆರೆ ಹಾಕುವುದರಿಂದ ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. ಬಿಡಿಸಿದ ಮೇಲೆ ಖಾಲಿ ಜಾಗವನ್ನು ಮಾತ್ರ ಮತ್ತೆ ಹಳೆಯ ಗುರುತಿಗೆ ತಿರುಗಿಸಿದೆ. ಇನ್ನೊಂದು, ಯುಟಿಎಫ್-8 ಅಲ್ಲದ ಹಳೆಯ ಲಿಂಕ್ ಬಂದರೆ ಕೋಡ್ ಅಲ್ಲೇ ನಿಂತುಬಿಡುತ್ತಿತ್ತು. ಏನೂ ಕಾಪಿ ಆಗದೆ, ಹಿಂದೆ ಕಾಪಿ ಮಾಡಿದ್ದೇ ಪೇಸ್ಟ್ ಆಗುತ್ತಿತ್ತು. ಈಗ ಬಿಡಿಸಲು ಆಗದಿದ್ದರೆ ಮೂಲ ಲಿಂಕನ್ನೇ ಕೊಡುತ್ತದೆ.

'ಅಬೌಟ್:ಡಿಬಗ್ಗಿಂಗ್' ಎಂಬ ಫೈರ್‌ಫಾಕ್ಸ್‌ನ ಪರೀಕ್ಷಾ ಪುಟದಿಂದ ಹಾಕಿದ ಎಕ್ಸ್‌ಟೆನ್ಶನ್ ಬ್ರೌಸರ್ ಮುಚ್ಚಿದೊಡನೆ ಹೋಗುತ್ತದೆ. ಅದಕ್ಕೇ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದಿಂದ ಡಿಜಿಟಲ್ ಸಹಿ ಹಾಕಿಸಿಕೊಂಡೆ. ಅವರ ಸಾರ್ವಜನಿಕ ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಸೇರಿಸದೆ, ನಮ್ಮ ಬಳಕೆಗೆ ಮಾತ್ರ ಸಹಿ ಪಡೆಯಬಹುದು. ಕ್ರೋಮ್‌ಗೆ ಬರೆಯುವ ಕೆಲಸ ಈಗ ನಡೆದಿದೆ. ಅಲ್ಲಿ ಎಕ್ಸ್‌ಟೆನ್ಶನ್ ಕೋಡ್ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ವರ್ಕರ್‌ನಿಂದ ನೇರ ಕ್ಲಿಪ್‌ಬೋರ್ಡ್‌ಗೆ ಬರೆಯಲಾಗದು. ಕಾಣದ ಪುಟವೊಂದನ್ನು ತೆರೆದು ಅದರ ಮೂಲಕ ಬರೆಯಬೇಕು.