ನಿಮ್ಮ ಬೀದಿ ಕೆಲಸವನ್ನು ಪಂಚಾಯಿತಿ ಪ್ಲಾನ್‌ಗೆ ಸೇರಿಸುವುದು ಹೇಗೆ?

2014ರಲ್ಲಿ ದಿಲ್ಲಿಯ ಯೋಜನಾ ಆಯೋಗವನ್ನು ಮುಚ್ಚುತ್ತೇವೆ ಅಂದರು, 2015ರ ಜನವರಿ 1ಕ್ಕೆ ನೀತಿ ಆಯೋಗ ಬಂತು. ನಿಮ್ಮ ಬೀದಿ ಚರಂಡಿ ಮಾತ್ರ ಇದ್ದ ಹಾಗೇ ಇದೆ, ಅಲ್ವಾ? ಅದು ಸರಿಹೋಗಬೇಕಾದರೆ ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಒಂದು ಸಾಲು ಬೀಳಬೇಕು. ಕರ್ನಾಟಕದಲ್ಲಿ ಅದಕ್ಕೆ 'ನಮ್ಮ ಗ್ರಾಮ ನಮ್ಮ ಯೋಜನೆ' ಅಂತ ಹೆಸರು.

ಗ್ರಾಮ ಸಭೆಗೆ ಹೋಗಿ ಸುಮ್ನೆ ಕೂಗಾಡಬೇಡಿ. ಅಷ್ಟು ಹೊತ್ತಿಗೆ ಪಟ್ಟಿ ಮುಕ್ಕಾಲು ಪಾಲು ತಯಾರಾಗಿರುತ್ತದೆ. ಅದಕ್ಕೂ ಮೊದಲು ವಾರ್ಡ್ ಸಭೆ ಇರುತ್ತದೆ, ಹಿಡಿಯಬೇಕಾದ್ದು ಅದನ್ನೇ. ಯೋಜನೆ ಕೆಲಸ ಸಾಮಾನ್ಯವಾಗಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ, ಹಾಗಾಗಿ ಸೆಪ್ಟೆಂಬರ್‌ನಲ್ಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ತಾರೀಖು ಕೇಳಿಟ್ಟುಕೊಳ್ಳಿ.

ಒಬ್ಬರೇ ಹೋಗಬೇಡಿ. ಸಂಜೀವಿನಿ ಅನ್ನುವ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರನ್ನು ಮೊದಲು ಮಾತಾಡಿಸಿ. ಬಡತನ ನಿವಾರಣೆಗೆ ಅವರು ಬೇರೆಯೇ ಒಂದು ಯೋಜನೆ ಬರೆದು ಪಂಚಾಯಿತಿಗೆ ಕೊಡುತ್ತಾರೆ, ಅದೂ ಊರಿನ ಯೋಜನೆಗೇ ಸೇರುತ್ತದೆ. ಎರಡೂ ಕಡೆ ಒಂದೇ ಬೇಡಿಕೆ ಬಂದರೆ ತಳ್ಳಿಹಾಕುವುದು ಕಷ್ಟ.

ಇನ್ನು ದುಡ್ಡಿನ ವಿಷಯ. ಪಂಚಾಯಿತಿಗೆ ಕೇಂದ್ರದಿಂದ ಬರುವ ದುಡ್ಡಿಗೆ 15ನೇ ಹಣಕಾಸು ಆಯೋಗ 2021-26ಕ್ಕೆ ಹಾಕಿದ ಲೆಕ್ಕದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ದುಡ್ಡಾಗಿತ್ತು. ರಸ್ತೆ, ಬೀದಿ ದೀಪ ಎಲ್ಲ ಉಳಿದ 40ರಲ್ಲಿ ಕಿತ್ತಾಡಬೇಕಿತ್ತು. ಹಾಗಾಗಿ ಶಾಲೆ ಮುಂದೆ ಕೊಳಚೆ ನಿಲ್ಲುತ್ತಿದ್ದರೆ 'ರಸ್ತೆ ರಿಪೇರಿ' ಅನ್ನದೆ ನೈರ್ಮಲ್ಯದ ಕೆಲಸ ಅಂತಲೇ ಕೇಳಿ. ಜಾಗ, ಅಳತೆ ಎರಡೂ ಇರಲಿ: 'ಅರಳಿಕಟ್ಟೆಯಿಂದ ಶಾಲೆ ಗೇಟಿನವರೆಗೆ 60 ಮೀಟರ್ ಚರಂಡಿ.' ಟೇಪ್ ಇಲ್ಲದಿದ್ದರೆ ಹೆಜ್ಜೆ ಎಣಿಸಿದರೂ ಆದೀತು.

ಎಲ್ಲಕ್ಕಿಂತ ಮುಖ್ಯ ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡವಳಿ ಪುಸ್ತಕ. ನಾವೂ ಒಂದು ಸಲ ಹೀಗೇ ಬೇಡಿಕೆ ಹೇಳಿದ್ದೆವು, 'ಬರ್ಕೊಂಡಿದೀವಿ ಬಿಡಿ' ಅಂದರು, ನಾವು ಬೋಂಡಾ ತಿಂದು, ಟೀ ಕುಡಿದು ಮನೆಗೆ ಬಂದೆವು. ಆಮೇಲೆ ಪುಸ್ತಕ ತೆರೆಸಿದರೆ ಚರಂಡಿ ಸುದ್ದಿಯೇ ಇಲ್ಲ, ಕೆಳಗೆ ನಮ್ಮೆಲ್ಲರ ಸಹಿ ಮಾತ್ರ ಇದೆ! ಅವತ್ತಿನಿಂದ ಅವರು ಬರೆದದ್ದನ್ನು ನಾನು ಓದಿಸಿ, ಆಮೇಲೆ ಸಹಿ ಹಾಕಿ, ಆ ಪುಟದ ಫೋಟೋ ತೆಗೆದುಕೊಂಡೇ ಏಳುವುದು.

ಕೊನೆಗೆ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸಿ ಯೋಜನೆ ತೆಗೆಯಿರಿ. ನಿಮ್ಮ ಕೆಲಸ ಅಲ್ಲಿ ಕಾಣದಿದ್ದರೆ ಆ ಫೋಟೋ ಹಿಡಿದುಕೊಂಡು ಮುಂದಿನ ಗ್ರಾಮ ಸಭೆಗೆ ಹೋಗಿ. ಆಗ ಬೇಕಿದ್ದರೆ ಕೂಗಾಡಿ.